ಅಕ್ಕನ ಕೈಬಳೆ

ಆಸ್ಪತ್ರೇಲಿ ಮೊಣಕಾಲ ಮೇಲೆ ಹಾಳೆ ಇಟ್ಕೊಂಡು ಬರೀತಾ ಇದೀನಿ ಗೆಳೆಯರೇ, ಅಕ್ಷರ ಸೊಟ್ಟ ಇದ್ರೆ ಬೈಬೇಡ್ರಿ. ಇವತ್ತು ನಮ್ಮಕ್ಕನ ಕಿವಿ ಆಪರೇಷನ್. ಹುಟ್ಟಿದಾಗಿಂದ ಅವಳ ಮೂಳೆ ಜೋರಾಗಿ ಹಿಡಿದ್ರೂ ಮುರೀತಾವೆ. ಅದೇ ರೋಗಕ್ಕೆ ಈಗ ಕಿವೀನೂ ಹೋಗೈತೆ. ನಮ್ಮೂರು ತ್ಯಾವಣಿಗೆಯಿಂದ ಅಂಬಾಸಿಡರ್ ಕಾರಲ್ಲಿ ಗಾದಿ ಹಾಸಿ ಕರ್ಕೊಂಡು ಬಂದ್ವಿ.

ಥಿಯೇಟರ್ ಬಾಗಿಲಲ್ಲಿ ನರ್ಸಮ್ಮ, "ಬಳೆ ತೆಗೀರಿ" ಅಂದ್ರು. ಎಳೆದ್ರೆ ಕೈಯೇ ಮುರಿಯುತ್ತೆ. "ಒಡೆದುಬಿಡೋಣ" ಅಂದೆ.

"ಗಂಡ ಬದುಕಿರೋವಾಗ ಬಳೆ ಒಡೀತಾರೇನೋ?" ಅಂತ ಅವ್ವ ಅಡ್ಡ ನಿಂತಳು.

ಡಾಕ್ಟ್ರು ಬಂದು ನೋಡಿದ್ರು. "ಕಿವಿಯೊಳಗಿನ ಮೂಳೆ ಅಕ್ಕಿಕಾಳಿಗಿಂತ ಸಣ್ಣದಮ್ಮ. ಅದನ್ನ ಮುಟ್ಟೋಕೇ ನನಗೆ ಭಯ. ಇನ್ನು ಕೈ ಮೂಳೇನೂ ಮುರಿಯೋದು ಬೇಡ, ಬಳೆ ಇರಲಿ" ಅಂತ ಅದರ ಮೇಲೇ ಬ್ಯಾಂಡೇಜ್ ಸುತ್ತಿಸಿದ್ರು.

ಅಕ್ಕ ಒಳಗೆ ಹೋಗಿ ಎರಡು ತಾಸಾಯ್ತು. ಕಿವಿ ಕೇಳದವಳು ಅವಳು. ಬಾಗಿಲಿಗೆ ಕಿವಿ ಹಚ್ಚಿ ಕೂತವರು ನಾವು.