ಗುಲಾಬಿಯ ನೆಗಡಿ, ಗೋಪೀನಾಥನ ಸೇಜ್ ಗಿಡ

ಕೆಂಟನ್ನಿನ ಗೋಪೀನಾಥನ ಮನೆಮುಂದಿನ ಆ ಗಿಡ ಕಂಡರೆ ಈಗಲೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ನೋಡುವುದಕ್ಕೇನೋ ಚೆಂದ. ಮೊಣಕಾಲು ಮೀರದ ಗುಂಡು ಪೊದೆ, ಮೇಲೆ ನೇರಳೆ ಹೂವಿನ ಕದಿರು. ಸೇಜ್ ಎನ್ನುವ ಇಲ್ಲಿನ ಅಡುಗೆಸೊಪ್ಪಿನ ಜಾತಿಯದಂತೆ, ಆದರೆ ಇದು ಬರೀ ಅಲಂಕಾರಕ್ಕಂತೆ. ಎಲೆ ಮುಟ್ಟಿ ಕೈ ಮೂಸಿದರೆ ಮಾತ್ರ ಮಳೆಯಲ್ಲಿ ನೆನೆದ ನಾಯಿ ಟ್ಯೂಬ್ ರೈಲಿನಲ್ಲಿ ನಮ್ಮ ಪಕ್ಕವೇ ಬಂದು ಕೂತ ಹಾಗೆ.

ಗೋಪೀನಾಥ ಕುಂದಾಪುರದವನು, ಈ ಇಂಗ್ಲಿಷರ ನಾಡಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಈವರೆಗೆ ಹುಯ್ದದ್ದನ್ನೆಲ್ಲ ಸಾಲಾಗಿ ಹಾಸಿದರೆ ಕ್ರೋಯ್ಡನ್ ದಾಟಿ ಸಮುದ್ರಕ್ಕೆ ಇಳಿದೀತು. ಆದರೂ ಬೀದಿಯವರಿಗೆ ಅವನ ಹೆಸರು ಗೊತ್ತಿರಲಿಲ್ಲ; ಅದು ಇಂಗಿನ ವಾಸನೆಯ ಮನೆ, ಅಷ್ಟೆ. ಬೀದಿಯ ಸಂಘದವರು ಪ್ರತಿ ಆಗಸ್ಟಿನಲ್ಲಿ ಒಳ್ಳೆಯ ತೋಟವೊಂದನ್ನು ಆರಿಸಿ, ಮನೆಯವರ ಹೆಸರು ಬರೆದ ಕಾರ್ಡನ್ನು ಗೇಟಿಗೆ ಕಟ್ಟುತ್ತಿದ್ದರು. 2003ರಲ್ಲಿ ಆ ಕಾರ್ಡಿನಲ್ಲಿ ತನ್ನ ಹೆಸರು ಬರಲೇಬೇಕೆಂದು ಗೋಪೀನಾಥ ಹಟ ಹಿಡಿದ. ಹೆಂಡತಿ ಗುಲಾಬಿ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಇವನು ಮಣ್ಣು ಅಗೆದ, ಸಸಿ ನೆಟ್ಟ, ಅದನ್ನು ಮೇಯಲು ಬರುವ, ಇಡ್ಲಿಗಿಂತ ದಪ್ಪನೆಯ ಲೋಳೆಹುಳುಗಳನ್ನು ಇಕ್ಕಳದಲ್ಲಿ ಹಿಡಿದು ಎಸೆದ. ಒಂದೊಂದು ಹುಳ ಎಸೆದಾಗಲೂ ಅವನಿಗೊಂದು ಸ್ನಾನ.

ಜುಲೈ ಮೊದಲಲ್ಲಿ ಹೂ ಬಾಡತೊಡಗಿದಾಗ ಗುಲಾಬಿ ವಾಪಸಾದಳು. ವಿಮಾನದ ತಣ್ಣನೆ ಗಾಳಿಗೆ ಮೂಗು ಕಟ್ಟಿತ್ತು. ಮರುದಿನ ಬಾಗಿಲು ತೆರೆದರೆ ಒರಟು ಎಲೆ, ನೇರಳೆ ಕದಿರು. ದೊಡ್ಡಪತ್ರೆ! ವಾಸನೆ ನೋಡೋಣವೆಂದರೆ ಮೂಗಿಲ್ಲ. ತನಗಾಗಿಯೇ ಗಂಡ ಬೆಳೆಸಿದ್ದಾನೆಂದು ಕರಗಿಹೋಗಿ, ಬುಡ ಎರಡು ಬೆರಳಷ್ಟು ಬಿಟ್ಟು ಮಿಕ್ಕಿದ್ದನ್ನೆಲ್ಲ ಕತ್ತರಿಸಿದಳು. ಜೀರಿಗೆ, ಮೆಣಸು, ಕಾಯಿತುರಿ ಹಾಕಿ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದಳು.

ಅಂದು ಹತ್ತಿರದ ಎಜ್‌ವೇರಿನಿಂದ ಊಟಕ್ಕೆ ಬಂದ ಗೆಳೆಯ, ಪಾಪಿ ನಾನು. ಹೋಟೆಲಿನಿಂದ ಬಂದ ಗೋಪೀನಾಥ ಗೇಟಿನಲ್ಲಿ ಬೋಳು ಬುಡ ಕಂಡು ಓಡುತ್ತಾ ಒಳಬಂದ. ತಟ್ಟೆಯಲ್ಲಿ ಹಸಿರು ಕಂಡು ನಿಂತೇಬಿಟ್ಟ. ನಾನಾಗಲೇ ಒಂದು ತುತ್ತು ನುಂಗಿದ್ದೆ. ಪಾಚಿನೀರಲ್ಲಿ ಸೋಪು ಕಲಸಿ, ಹಳೇ ಚಪ್ಪಲಿಯ ಒಗ್ಗರಣೆ ಕೊಟ್ಟ ಹಾಗಿತ್ತು.

"ನನ್ ನೆನಪ್ ಮಾಡ್ಕಂಡ್ ನೆಟ್ಟಿರಿ ಅಲ್ದಾ?" ಎಂದಳು ಗುಲಾಬಿ. "ಮೂಗ್ ಕಟ್ಟಿತ್, ನಂಗ್ ರುಚಿ ಗೊತ್ತಾತಿಲ್ಲ. ಹ್ವಾಯ್, ಹ್ಯಾಂಗಿತ್ತ್?"

ಗೋಪೀನಾಥ ಕೂತ. ಒಂದು ತುತ್ತು ತಿಂದ. ಕಣ್ಣಲ್ಲಿ ನೀರು ಬಂತು.

"ಲಾಯ್ಕಿತ್ತ್," ಎಂದು ಹೊಗಳಿದ. ಇನ್ನೊಂದು ಸೌಟು ಹಾಕಿಸಿಕೊಂಡ. ಮೇಜಿನಡಿ ನನ್ನ ಕಾಲು ತುಳಿದ, ನಾನೂ ನುಂಗಿದೆ.

ಮೊದಲ ಹೂ ಮುಗಿದ ಮೇಲೆ ಹೀಗೆ ಬೋಳಿಸಿದರೇನೇ ಆ ದರಿದ್ರ ಗಿಡಕ್ಕೆ ಹುರುಪಂತೆ. ಆಗಸ್ಟ್ ಕೊನೆಗೆ ಮೊದಲಿಗಿಂತ ಒತ್ತಾಗಿ ಹೂಬಿಟ್ಟಿತು. ಕಾರ್ಡು ಗೇಟಿಗೆ ಬಂತು. ಅಚ್ಚುಕಟ್ಟಾದ ಅಕ್ಷರದಲ್ಲಿ ಗೋಪೀನಾಥ, ಗುಲಾಬಿ.

ಗುಲಾಬಿಯ ಕಟ್ಟಿದ ಮೂಗು ಮೂರೇ ದಿನಕ್ಕೆ ಬಿಟ್ಟಿತ್ತು. ಚಿಗುರೆಲೆ ಮೂಸಿದಾಗಲೇ ಅದು ದೊಡ್ಡಪತ್ರೆಯಲ್ಲವೆಂದು ತಿಳಿಯಿತೆಂದು ಆಮೇಲೆ ನನ್ನೊಬ್ಬನಿಗೇ ಹೇಳಿದಳು. ಗಂಡನಿಗೆ ಹೇಳಿಲ್ಲ. ಪ್ರತಿ ಜುಲೈಯಲ್ಲೂ ಗಿಡ ಕತ್ತರಿಸಿ, ತಂಬುಳಿ ಮಾಡಿ, ಅವನ ತಟ್ಟೆಗೆ ಬಡಿಸುತ್ತಾಳೆ. ತಾನು ಸಾರು ಹಾಕಿಕೊಳ್ಳುತ್ತಾಳೆ.

"ಲಾಯ್ಕಿತ್ತ್," ಎನ್ನುತ್ತಾನೆ ಅವನು, ಪ್ರತಿ ವರ್ಷ. ನಾನು ಜುಲೈಯಲ್ಲಿ ಕೆಂಟನ್ ಕಡೆಗೆ ತಲೆ ಹಾಕುವುದಿಲ್ಲ.