ಹರಿಗೋಲು ಮಗುಚಿದ ಮೇಲೆ

ಗಂಗಾಂಬಿಕೆ ಓದಲು ಕಲಿತದ್ದು ಅರಕಲಗೂಡಿನ ತವರಿನಲ್ಲಿ, ಓದಿನ ರುಚಿ ಹತ್ತಿದ್ದು ರಾಮನಾಥಪುರದ ಗಂಡನ ಮನೆಯ ಜಗಲಿಯಲ್ಲಿ. ಹೊಗೆಸೊಪ್ಪು ಕೊಯ್ಯುವ ಕಾಲದಲ್ಲಿ ಊರ ಹೆಂಗಸರು ಮಧ್ಯಾಹ್ನವೆಲ್ಲ ಅಲ್ಲಿ ಕೂತು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುವರು. ಕೈ ಅಂಟಾಗಿದ್ದರೂ ಕಿವಿಗೆ ಬಿಡುವು. ಗಂಡ ಹಾಸನದಿಂದ ತಂದುಕೊಟ್ಟ ಕಾದಂಬರಿಗಳನ್ನು ಅವಳು ಅವರಿಗೆ ಓದಿ ಹೇಳುವಳು. ಓದು ನಡೆದ ದಿನ ಕೆಲಸ ಚೆನ್ನಾಗಿ ಸಾಗುತ್ತಿದ್ದುದರಿಂದ ಮಾವ ಪರಮಶಿವಯ್ಯನವರೂ ಬೇಡವೆನ್ನುತ್ತಿರಲಿಲ್ಲ.

ಈ ಓದಿಗೆ ಒಂದು ಕಟ್ಟಳೆಯಿತ್ತು. ಪುರಾಣ ಓದಿಸುವಾಗಿನಂತೆ, ಸಾವು ಬರುವ ಕಡೆ ಪುಸ್ತಕ ಮುಚ್ಚಬಾರದು. ಹೊತ್ತು ಮೀರಿದರೂ ಒಂದು ಮದುವೆಗೋ ಹೆರಿಗೆಗೋ ಮುಟ್ಟಿಸಿಯೇ ಏಳಬೇಕು. ಇಲ್ಲದಿದ್ದರೆ ಆ ಕೇಡು ಕೇಳಿದವರ ಬೆನ್ನು ಹತ್ತಿ ಮನೆಗೆ ಹೋಗುತ್ತದೆಂದು ನಂಬಿಕೆ.

ಯುದ್ಧ ನಡೆಯುತ್ತಿದ್ದ ಕಾಲ. ಅಂದು ಕಥೆಯಲ್ಲಿ ಸೋಮ ಎಂಬ ಹುಡುಗ ಕೂತಿದ್ದ ಹರಿಗೋಲು ತುಂಬಿದ ಹೊಳೆಯಲ್ಲಿ ಮಗುಚಿತು. ಅಷ್ಟರಲ್ಲೇ ಪರಮಶಿವಯ್ಯನವರು ಸೊಪ್ಪು ಕೊಳ್ಳುವವರನ್ನು ಕರೆದುಕೊಂಡು ಬಂದರು. ಗಂಗಾಂಬಿಕೆ ದಡಕ್ಕನೆ ಎದ್ದು, ಸೆರಗು ಹೊದ್ದು, ಪುಸ್ತಕ ಮುಚ್ಚಿ ಒಳಗೆ ಹೋದಳು. ಬಾಗಿಲು ದಾಟಿದ ಮೇಲೆಯೇ ತಾನು ಮಾಡಿದ್ದು ಅವಳಿಗೆ ಹೊಳೆದದ್ದು.

ತಿರುಗಿ ನೋಡಿದರೆ ಪುಟ್ಟತಾಯಮ್ಮನ ಕಡ್ಡಿ ಅರ್ಧ ಕಟ್ಟಿದಂತೆಯೇ ಬಿದ್ದಿತ್ತು. ಅವಳ ಒಬ್ಬನೇ ಮಗ ದೇವರಾಜು ಮಿಲಿಟರಿ ಸೇರಿ ಬರ್ಮಾ ಕಡೆ ಹೋಗಿದ್ದ. ಉಗಾದಿಯಿಂದೀಚೆಗೆ ಅವನ ಸುದ್ದಿಯೇ ಇರಲಿಲ್ಲ.

ಸಂಜೆ ಒಲೆಯ ಮುಂದೆ ಕೂತು ಗಂಗಾಂಬಿಕೆ ಮುಂದಿನ ಹಾಳೆಗಳನ್ನು ಆತುರದಿಂದ ಓದಿದಳು. ಸೋಮನ ಹೆಣ ಮೂರು ಹರಿದಾರಿ ಕೆಳಗೆ ಸಿಕ್ಕಿತ್ತು. ಕೊನೆಯವರೆಗೂ ಬರೀ ಅವನ ತಾಯಿಯ ಗೋಳು. ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ಅವಳು ಇದುವರೆಗೆ ಸೇರಿಸಿ ಓದಿದವಳಲ್ಲ. ಸಾರು ಸೀದ ವಾಸನೆ ಬಂದರೂ ಅವಳು ಏಳಲಿಲ್ಲ.

ಮರುದಿನ ಪುಟ್ಟತಾಯಮ್ಮ ಎಲ್ಲರಿಗಿಂತ ಮೊದಲು ಬಂದಳು. ಮುಖ ಬಾಡಿತ್ತು.

“ಓದ್ರವ್ವ” ಎಂದಳಷ್ಟೆ.

ಗಂಗಾಂಬಿಕೆ ಪುಸ್ತಕ ಬಿಡಿಸಿದಳು. “ಸೋಮನ ಕೈಗೆ ಒಂದು ಮರದ ಕೊಂಬೆ ಸಿಕ್ಕಿತು” ಎಂದಳು.

“ನಿನ್ನೆ ಆ ನೀರ್ನಾಗೆ ಆನೆನೂ ನಿಲ್ಲಕಿಲ್ಲ ಅಂದ್ರಿ, ಇವತ್ತು ಕೊಂಬೆ ಎಲ್ಲಿಂದ ಬಂತು?” ಎಂದು ಚಿಕ್ಕಲಕ್ಷ್ಮಮ್ಮ ಕೇಳಿದಳು. ಅವಳ ನಾಲಿಗೆ ಹರಿತ.

“ಮಳೆಗೆ ಬೇರು ಕಿತ್ತು ಬಂದಿತ್ತು.”

“ಯಾವ ಮರ?”

“ಅತ್ತಿ ಮರ.”

“ಅಂಗೆ ಏಳಿ ಮತ್ತೆ!”

ಸೋಮ ಯಾವುದೋ ಊರಿನ ದಡ ಸೇರಿದ. ಒಬ್ಬ ಮುದುಕಿ ಅವನಿಗೆ ಒಣಗಿದ ಪಂಚೆ ಕೊಟ್ಟಳು. ಗಂಗಾಂಬಿಕೆಯ ಕಣ್ಣು ಅಕ್ಷರದ ಮೇಲಿದ್ದರೆ ಅಲ್ಲಿನ ಹೆಣವೇ ಕಾಣುತ್ತಿತ್ತು. ಆದರೂ ಹೇಳುತ್ತಾ ಹೋದಳು. ಹೆಂಗಸರ ಕೈಗಳು ಒಂದೊಂದಾಗಿ ನಿಂತು, ಮತ್ತೆ ಚುರುಕಾದವು.

ಹೊತ್ತು ಇಳಿದು ಎಲ್ಲರೂ ಹೋದರು. ಪುಟ್ಟತಾಯಮ್ಮ ಮಾತ್ರ ಉಳಿದಳು.

“ಗಂಗವ್ವಾರೆ, ಇವತ್ತು ನೀವು ಒಂದು ಆಳೇನೂ ತಿರುವ್ನಿಲ್ಲ.”

ಗಂಗಾಂಬಿಕೆ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. “ಪುಟ್ತಾಯಮ್ಮ, ನಾನು...”

“ಏಳ್ಬ್ಯಾಡಿ. ಅದ್ರಾಗೇನದೆ ಅಂತ ನಂಗೆ ಏಳ್ಬ್ಯಾಡಿ ಕಣ್ರವ್ವ.” ಪುಟ್ಟತಾಯಮ್ಮ ಅಂಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. “ನಾಳೆ ಮಾತ್ರ ಆಳೆ ತಿರುವ್ಕೊಂಡು ಓದಿ. ಆ ಚಿಕ್ಕಲಕ್ಷ್ಮಿ ನೋಡ್ತಾಳೆ. ಆ ಮುದುಕಿ ಪಂಚೆ ಕೊಟ್ಳು, ಸರಿ. ಉಣ್ಣಾಕೆ ಏನೂ ಇಕ್ಕನಿಲ್ವಲ್ಲ?”

“ಇಕ್ಕುತ್ತಾಳೆ. ನಾಳೆ.”

ಆ ಸುಗ್ಗಿಯೆಲ್ಲ ಗಂಗಾಂಬಿಕೆ ಹಾಳೆ ತಿರುವುತ್ತಾ ಸೋಮನನ್ನು ಊರೂರು ನಡೆಸಿದಳು. ಒಂದು ಕಡೆ ಅವನಿಗೆ ಜ್ವರ ಬಂತು, ಒಂದು ಕಡೆ ಯಾರೋ ಗಾಡಿಯಲ್ಲಿ ಕೂರಿಸಿಕೊಂಡರು. ಕಥೆ ಕಟ್ಟುವ ಸುಖ ಅವಳಿಗೆ ಹತ್ತಿದ್ದು ಆಗಲೇ. ಭಯ ಹತ್ತಿದ್ದೂ ಆಗಲೇ. ಸೊಪ್ಪು ಮುಗಿಯುತ್ತಾ ಬಂದಾಗ ಸೋಮ ತನ್ನ ಊರ ಕೆರೆ ಏರಿಯ ಮೇಲಿದ್ದ. ಇನ್ನು ಮನೆ ಸೇರಿಸಿ ಎಂದು ಎಲ್ಲರೂ ಕಾಡಿದರು.

ಅವನು ಮನೆ ಸೇರಿ, ದೇವರಾಜು ಸೇರದೆ ಹೋದರೆ? ಗಂಗಾಂಬಿಕೆ ಪುಟ್ಟತಾಯಮ್ಮನ ಮುಖ ನೋಡಿದಳು. ಪುಟ್ಟತಾಯಮ್ಮ ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದಳು.

“ಏರಿಯ ಮೇಲೆ ಅವನಿಗೆ ಹಳೆಯ ಗೆಳೆಯನೊಬ್ಬ ಸಿಕ್ಕಿದ” ಎಂದು ಗಂಗಾಂಬಿಕೆ ಇನ್ನೊಂದು ಹಾಳೆ ತಿರುವಿದಳು.