ಹಂದಿಗೆ ಕೌಜುಗದ ಚರೆ

ಭಗವಂತ ಫಾರೆಸ್ಟ್ ವಾಚರ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಗಿತ್ತು. ಆದರೂ ಚಿಂಚೋಳಿ ಕಾಡಿನಲ್ಲಿ ಗುಂಡು ತಗುಲಿದ ಪ್ರಾಣಿ ಸಿಕ್ಕರೆ ರೇಂಜರ್ ಜೀಪು ಕೊಡ್ಲಿ ಊರಿನ ಅವನ ಮನೆ ಮುಂದೆ ಬಂದು ನಿಲ್ಲುವುದು ತಪ್ಪಿರಲಿಲ್ಲ. ಬರುವುದಿಲ್ಲ ಎಂದು ಹೇಳಲಿಕ್ಕೂ ಅವನಿಗೆ ಬೇಸರ.

ಹರೆಯದಲ್ಲಿ ಅವನು ಊರ ಗೌಡರ ಬೇಟೆಗೆ ತೋಟಾ ಚೀಲ ಹೊತ್ತವನು. ಕೌಜುಗ ಹಕ್ಕಿಗೆ ಸಾಸಿವೆಯಂಥ ಸೀಸದ ಚರೆ, ಮೊಲಕ್ಕೆ ಜೋಳದ ಕಾಳಿನಷ್ಟು ದಪ್ಪದ್ದು, ಹಂದಿಗೆ ಒಂಟಿ ಗುಂಡು. ಗೌಡರು ಕೈ ಚಾಚುವ ಮೊದಲೇ ಸರಿಯಾದದ್ದನ್ನು ಆರಿಸಿ ಇಡುತ್ತಿದ್ದ. ಆ ವಿದ್ಯೆ ಈಗ ಹೆಣ ನೋಡಲಿಕ್ಕಷ್ಟೇ ಉಳಿದಿತ್ತು.

ಇವತ್ತು ಹಳ್ಳದ ದಂಡೆಯಲ್ಲಿ ಕಾಡುಹಂದಿ ಸತ್ತು ಬಿದ್ದಿತ್ತು. ಭಗವಂತ ನೋಯುವ ಮೊಣಕಾಲು ಹಿಡಿದು ಕುಳಿತು ಅದರ ಪಕ್ಕೆಯ ಮೇಲೆ ಬೆರಳಾಡಿಸಿದ. ಸಾಸಿವೆ ಚೆಲ್ಲಿದಂತೆ ತೂತುಗಳು, ಸುತ್ತ ಕೀವು.

“ಯಾವ ಮಬ್ಬನೋ ಏನೋ, ಕೌಜುಗದ ಚರೆ ಹಂದಿಗಿ ಹೊಡದಾನ. ಇದು ತೊಗಲು ದಾಟಿ ಒಳಗ ಹೋಗಂಗಿಲ್ರಿ. ಮೂರು ನಾಕು ದಿನ ಭಾಳ ನರಳ್ಯಾದ.”

ರೇಂಜರ್ ಮಹೇಶಕುಮಾರ ಕಾಗದ ತೆಗೆದ. “ಗುಂಡೇಟಿನಿಂದ ಸತ್ತದ ಅಂತ ಬರೀತೀನಿ. ಸಹಿ ಮಾಡ್ರಿ ಕಾಕಾ.”

ಭಗವಂತ ಹಿಂದೆ ತಿರುಗಿ ನೋಡಿದ. ಹಂದಿ ಹೊಟ್ಟೆ ಎಳೆದುಕೊಂಡು ಬಂದ ಗುರುತು ಕಾಡಿನಿಂದ ಇಲ್ಲಿಯವರೆಗೂ ಮಣ್ಣಿನಲ್ಲಿ ಮೂಡಿತ್ತು. ಹಳ್ಳದ ನೀರಿಗೆ ಇನ್ನು ನಾಲ್ಕೇ ಹೆಜ್ಜೆ.

“ಗುಂಡಿಗಿ ಸತ್ತಿಲ್ರಿ ಸಾಹೇಬ್ರ,” ಎಂದ, ಪೆನ್ನು ಮುಟ್ಟದೆ. “ನೀರಡಿಕಿಗಿ ಸತ್ತದ. ಹಂಗ ಬರೀರಿ, ಸಹಿ ಮಾಡ್ತೀನಿ.”